ಬೈಬಲ್ ಸುಳ್ಳಾಯಿತು ಎನ್ನುವ ರೋಚಕ ಸುದ್ದಿಗಳಿಗೆ ವಿಶ್ವಾಸಿಯ ಉತ್ತರ ಹೇಗಿರಬೇಕು?

ಬೆರೋಯದ ಓದುಗ:

ಪ್ರಭುವಿನಲ್ಲಿ ಎಲ್ಲರಿಗೂ ವಂದನೆಗಳು. ಈಸ್ಟರ್ ಹತ್ತಿರವಾಗುತ್ತಿದ್ದಂತೆ "ಯೇಸುವಿನ ಕುಟುಂಬದ ಸಮಾಧಿ ಸಿಕ್ಕಿದೆ" ಎಂಬ ಹಳೆಯ ವಿಡಿಯೊ ತುಣುಕು ಮತ್ತೆ ಹರಿದಾಡಲು ಆರಂಭವಾಗಿದೆ. ಅದನ್ನು ಕಂಡ ಕೆಲವರು ಕೋಪಗೊಂಡು ವಾಹಿನಿಯನ್ನು ಬಹಿಷ್ಕರಿಸಬೇಕು ಎನ್ನುತ್ತಾರೆ. ಉಳಿದವರು ಏನೂ ಹೇಳದೆ ಒಳಗೊಳಗೇ ಅಳುಕುತ್ತಾರೆ. ಕೋಪವೂ ಅಳುಕೂ ಸುದ್ದಿಯನ್ನು ಓದದೆಯೇ ಹುಟ್ಟಿದವು ಎಂಬುದು ನನ್ನ ದೂರು. ಮೊದಲು ವಾದಿಸಿದವನ ಮಾತೇ ಸರಿಯೆಂದು ಕಾಣುತ್ತದೆ, ಎದುರಾಳಿ ಬಂದು ಪ್ರಶ್ನಿಸುವ ತನಕ, ಎಂಬ ಅರ್ಥದ ಮಾತು ಜ್ಞಾನೋಕ್ತಿ 18:17ರಲ್ಲಿದೆ. ಆದ್ದರಿಂದ ಈ ಸಮಾಧಿಯ ವಿಷಯವನ್ನೇ ಎತ್ತಿಕೊಂಡು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಯೆರೂಸಲೇಮಿನ ಪೂರ್ವ ತಲ್ಪಿಯೋಟ್ ಬಡಾವಣೆಯಲ್ಲಿ 1980ರಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದಾಗ ಬಂಡೆಯಲ್ಲಿ ಕೊರೆದ ಸಮಾಧಿಯೊಂದು ಬಯಲಾಯಿತು. ಅದರಲ್ಲಿ ಹತ್ತು ಮೂಳೆಪೆಟ್ಟಿಗೆಗಳಿದ್ದವು, ಆರರ ಮೇಲೆ ಹೆಸರುಗಳಿದ್ದವು. ಶವವನ್ನು ಮೊದಲು ಗುಹೆಯಲ್ಲಿರಿಸಿ, ಮಾಂಸ ಕರಗಿದ ಮೇಲೆ ಎಲುಬುಗಳನ್ನು ಆಯ್ದು ಕಲ್ಲಿನ ಪೆಟ್ಟಿಗೆಗೆ ಹಾಕುವುದು ಅಂದಿನ ಯೆಹೂದ್ಯರಲ್ಲಿ ರೂಢಿಯಾಗಿತ್ತು. ಪುರಾತತ್ವಜ್ಞ ಅಮೋಸ್ ಕ್ಲೋನರ್ 1996ರಲ್ಲಿ ಇದರ ವರದಿಯನ್ನು ಪ್ರಕಟಿಸಿದರು, ಯಾರೂ ಬೆಚ್ಚಿಬೀಳಲಿಲ್ಲ. 2007ರ ಮಾರ್ಚ್‌ನಲ್ಲಿ ಹಾಲಿವುಡ್ಡಿನ ಜೇಮ್ಸ್ ಕ್ಯಾಮರೂನ್ ನಿರ್ಮಾಣದ ಸಾಕ್ಷ್ಯಚಿತ್ರ ಡಿಸ್ಕವರಿ ವಾಹಿನಿಯಲ್ಲಿ ಬಂದಾಗ ಮಾತ್ರ ಅದೇ ಪೆಟ್ಟಿಗೆಗಳು ಕ್ರೈಸ್ತ ವಿಶ್ವಾಸದ ಬುಡಕ್ಕೆ ಕೊಡಲಿಯಾಗಿಬಿಟ್ಟವು: ಯೇಸುವಿನ ಎಲುಬುಗಳೇ ಸಿಕ್ಕಿದರೆ ಅವನು ಪುನರುತ್ಥಾನವಾಗಲಿಲ್ಲ ಎಂದಾಗುತ್ತದಲ್ಲ.

ವಾದವೆಲ್ಲ ಹೆಸರುಗಳ ಮೇಲೆ ನಿಂತಿದೆ. "ಯೋಸೇಫನ ಮಗ ಯೇಸು", "ಮರಿಯ", "ಯೋಸೆ", "ಮತ್ತಾಯ", "ಯೇಸುವಿನ ಮಗ ಯೂದ", ಮತ್ತು ಗ್ರೀಕ್ ಅಕ್ಷರಗಳಲ್ಲಿರುವ ಮತ್ತೊಂದು ಮರಿಯಳ ಹೆಸರು. ಈ ಕೊನೆಯವಳೇ ಯೇಸುವಿನ ಶಿಷ್ಯೆಯಾಗಿದ್ದ ಮಗ್ದಲದ ಮರಿಯ ಎಂದು ಮೊದಲೇ ಒಪ್ಪಿಕೊಂಡರೆ, ಇದು ಬೇರೆ ಕುಟುಂಬವಾಗಿರುವ ಸಾಧ್ಯತೆ 600ರಲ್ಲಿ ಒಂದು ಎಂಬ ಲೆಕ್ಕ ಹೊರಡುತ್ತದೆ. ಒಪ್ಪದಿದ್ದರೆ ಲೆಕ್ಕ ಕುಸಿಯುತ್ತದೆ. ಆ ಬರಹವನ್ನು "ಮರಿಯ ಮತ್ತು ಮಾರಾ" ಎಂದು, ಅಂದರೆ ಒಂದೇ ಪೆಟ್ಟಿಗೆಯಲ್ಲಿರುವ ಇಬ್ಬರು ಸ್ತ್ರೀಯರ ಹೆಸರೆಂದು ಓದಿದ ತಜ್ಞರೂ ಇದ್ದಾರೆ. ಆ ಕಾಲದ ಪಾಲೆಸ್ತೀನಿನ ಯೆಹೂದ್ಯರ ಹೆಸರುಗಳನ್ನು ಬಿಡಿಬಿಡಿಯಾಗಿ ಎಣಿಸಿದವರ ಪಟ್ಟಿ ನೋಡಿದರೆ, ಹೆಂಗಸರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬಳು ಮರಿಯ. ಗಂಡಸರ ಹೆಸರುಗಳಲ್ಲಿ ಸೀಮೋನ ಮೊದಲನೆಯದು, ಯೋಸೇಫ ಎರಡನೆಯದು, ಯೇಸು ಆರನೆಯ ಸ್ಥಾನದ ಆಸುಪಾಸಿನಲ್ಲಿದೆ. "ಯೋಸೇಫನ ಮಗ ಯೇಸು" ಎಂದು ಕೆತ್ತಿದ ಬೇರೊಂದು ಮೂಳೆಪೆಟ್ಟಿಗೆಯನ್ನು ಎಲಿಯೇಜರ್ ಸುಕೆನಿಕ್ 1931ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಡಿಎನ್‌ಎ ಪರೀಕ್ಷೆಯ ಮಾತಂತೂ ಕೇಳಲೇಬೇಕು. ಯೇಸುವಿನ ಹೆಸರಿನ ಪೆಟ್ಟಿಗೆ ಮತ್ತು ಗ್ರೀಕ್ ಬರಹದ ಮರಿಯಳ ಪೆಟ್ಟಿಗೆ, ಈ ಎರಡರ ಅವಶೇಷಗಳನ್ನು ಪರೀಕ್ಷಿಸಿ, ಇವರಿಬ್ಬರೂ ಒಂದೇ ತಾಯಿಯ ಕಡೆಯ ರಕ್ತಸಂಬಂಧಿಗಳಲ್ಲ ಎಂದು ಕಂಡುಕೊಂಡರು. ಅಷ್ಟಕ್ಕೇ ಚಿತ್ರದವರು "ಹಾಗಾದರೆ ಗಂಡಹೆಂಡತಿ" ಎಂದು ಸೂಚಿಸಿದರು. ಒಬ್ಬ ಗಂಡಸಿಗೆ ತಾಯಿಯ ಕಡೆಯಿಂದ ಸಂಬಂಧವಿಲ್ಲದ ಹೆಂಗಸು ಅವನ ಅತ್ತಿಗೆಯಾಗಿರಬಹುದು, ಸೊಸೆಯಾಗಿರಬಹುದು, ತಂದೆಯ ತಂಗಿಯೂ ಆಗಿರಬಹುದು. ಉಳಿದ ಪೆಟ್ಟಿಗೆಗಳ ಗಂಡಸರಲ್ಲಿ ಯಾರ ಹೆಂಡತಿ ಎಂದು ಕೂಡ ಅವರು ಕೇಳಲಿಲ್ಲ.

ಭಾನುವಾರ ಶಾಲೆಯ ಅಧ್ಯಾಪಕಿ:

ಸಹೋದರರೇ, ವಿವರಕ್ಕೆ ಧನ್ಯವಾದಗಳು. ನನ್ನ ತರಗತಿಯಲ್ಲಿರುವವರು ಹದಿನಾಲ್ಕು, ಹದಿನೈದು ವಯಸ್ಸಿನವರು. ಸಮಾಧಿಗಿಂತ ಹೆಚ್ಚಾಗಿ ಅವರು ಕೇಳುವುದು "ಯೂದನ ಸುವಾರ್ತೆ" ಮತ್ತು "ಯೇಸುವಿನ ಹೆಂಡತಿಯ ಸುವಾರ್ತೆ" ಎಂಬವುಗಳ ಬಗ್ಗೆ. ಕ್ರೈಸ್ತ ಸಭೆ ಇವುಗಳನ್ನು ಬಚ್ಚಿಟ್ಟಿತ್ತು ಎಂದು ಅವರು ಎಲ್ಲೋ ನೋಡಿದ್ದಾರೆ. "ಅದೆಲ್ಲ ಸೈತಾನನ ಕೆಲಸ" ಎಂದುಬಿಟ್ಟರೆ ಅಲ್ಲಿಗೆ ಅವರು ನನ್ನನ್ನು ಕೇಳುವುದನ್ನೇ ನಿಲ್ಲಿಸುತ್ತಾರೆ. ಏನು ಹೇಳಲಿ?

ಶಾಸನಪ್ರಿಯ:

ಅಕ್ಕಾ, ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ ಎಂಬುದು ನನ್ನ ಮೊದಲ ಸಲಹೆ. ಒಂದು ನಿಜವಾದ ಪ್ರಾಚೀನ ಗ್ರಂಥ, ಇನ್ನೊಂದು ನಕಲಿ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಹೆಸರಿನ ಈ ಸುವಾರ್ತೆ, ಐಗುಪ್ತದ ಹಳೆಯ ಭಾಷೆಯಾದ ಕೋಪ್ಟಿಕ್‌ನಲ್ಲಿ ಬರೆದ ಪಪೈರಸ್ (ಜೊಂಡಿನ ಹಾಳೆಯ) ಪುಸ್ತಕದಲ್ಲಿ ಸಿಕ್ಕಿತು. ವಸ್ತುವಿನ ವಯಸ್ಸನ್ನು ಅಳೆಯುವ ರೇಡಿಯೊಕಾರ್ಬನ್ ಪರೀಕ್ಷೆ ಆ ಪ್ರತಿಯನ್ನು ಸುಮಾರು ಕ್ರಿ.ಶ. 220ರಿಂದ 340ರ ನಡುವೆ ಇಟ್ಟಿತು. ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ 2006ರ ಏಪ್ರಿಲ್‌ನಲ್ಲಿ, ಸರಿಯಾಗಿ ಈಸ್ಟರ್‌ಗೆ ಮೊದಲು, ಅದನ್ನು ಲೋಕಕ್ಕೆ ಪರಿಚಯಿಸಿತು. ಬಚ್ಚಿಟ್ಟರು ಎಂಬ ಮಾತು ನಿಲ್ಲುವುದಿಲ್ಲ, ಏಕೆಂದರೆ ಲಿಯೋನಿನ ಸಭಾಧ್ಯಕ್ಷರಾಗಿದ್ದ ಐರೇನಿಯಸ್ ಸುಮಾರು ಕ್ರಿ.ಶ. 180ರಲ್ಲಿಯೇ ಆ ಹೆಸರಿನ ಗ್ರಂಥವನ್ನು ಹೆಸರು ಹಿಡಿದು ಖಂಡಿಸಿದ್ದರು. ಬಚ್ಚಿಡುವವರು ಅದರ ಹೆಸರನ್ನು ತಮ್ಮ ಗ್ರಂಥದಲ್ಲಿ ಬರೆದಿಡುತ್ತಾರೆಯೇ? ಅದು 2ನೇ ಶತಮಾನದ ಒಂದು ಪಂಗಡ ಏನನ್ನು ನಂಬಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಯೂದನು ನಿಜಕ್ಕೂ ಏನು ಮಾಡಿದನೆಂಬುದಕ್ಕೆ ಅದು ಸಾಕ್ಷಿಯಲ್ಲ.

ಅದಕ್ಕಿಂತ ಸ್ವಾರಸ್ಯವಾದುದು ಅನುವಾದದ ಕಥೆ. ಯೂದನು ಯೇಸುವಿನ ಆಪ್ತನೂ ವೀರನೂ ಆಗಿದ್ದಾನೆ ಎಂದು ಸುದ್ದಿಯಾಯಿತಲ್ಲ, ಅದಕ್ಕೆ ಆಧಾರವಾದ ವಾಕ್ಯಗಳಲ್ಲಿ ಒಂದರಲ್ಲಿ ಯೇಸು ಅವನನ್ನು ಹದಿಮೂರನೆಯ "ದೈಮೋನ್" ಎಂದು ಕರೆಯುತ್ತಾನೆ. ಮೊದಲ ಅನುವಾದಕರು ಅದನ್ನು "ಆತ್ಮ" ಎಂದು ಮಾಡಿದರು. ಕ್ರೈಸ್ತ ಸಾಹಿತ್ಯದಲ್ಲಿ ಆ ಪದಕ್ಕೆ "ದೆವ್ವ" ಎಂಬುದೇ ರೂಢಿಯ ಅರ್ಥ ಎಂದು ಏಪ್ರಿಲ್ ಡಿಕಾನಿಕ್ ಎಂಬ ವಿದ್ವಾಂಸೆ 2007ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. ಆಕೆಯ ಓದಿನಂತೆ ಆ ಗ್ರಂಥದಲ್ಲಿಯೂ ಯೂದನು ವೀರನಲ್ಲ. ವೀರ ಯೂದನನ್ನು ಕಂಡ ಲಕ್ಷಾಂತರ ವೀಕ್ಷಕರಲ್ಲಿ ಎಷ್ಟು ಮಂದಿಗೆ ಈ ಆಕ್ಷೇಪ ತಲುಪಿತೋ ದೇವರೇ ಬಲ್ಲ.

ಇನ್ನು "ಹೆಂಡತಿ"ಯ ತುಣುಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಕರೆನ್ ಕಿಂಗ್ 2012ರ ಸೆಪ್ಟೆಂಬರ್‌ನಲ್ಲಿ ರೋಮ್ ನಗರದ ಸಮ್ಮೇಳನವೊಂದರಲ್ಲಿ ಅದನ್ನು ಪ್ರಕಟಿಸಿದರು. ಅಳತೆ ಅಂಗೈಗಿಂತ ಚಿಕ್ಕದು, ಸುಮಾರು 4 ಸೆಂಟಿಮೀಟರ್ ಎತ್ತರ, 8 ಸೆಂಟಿಮೀಟರ್ ಅಗಲ. "ಯೇಸು ಅವರಿಗೆ, ನನ್ನ ಹೆಂಡತಿ" ಎಂಬಲ್ಲಿಗೆ ಒಂದು ಸಾಲು ತುಂಡಾಗುತ್ತದೆ. ಇದು ಯೇಸುವಿಗೆ ಮದುವೆಯಾಗಿತ್ತು ಎಂಬುದಕ್ಕೆ ಪುರಾವೆಯಲ್ಲ ಎಂದು ಕಿಂಗ್ ಅವರೇ ಆರಂಭದಲ್ಲಿ ಸ್ಪಷ್ಟವಾಗಿ ಹೇಳಿದ್ದರು ಎಂಬುದನ್ನು ಮರೆಯಬಾರದು. ತಲೆಬರಹ ಬರೆದವರು ಮಾತ್ರ ಆ ವಾಕ್ಯವನ್ನು ಬಿಟ್ಟರು. ಪಪೈರಸ್ ಹಾಳೆ ಹಳೆಯದೇ. ಆದರೆ ಹಳೆಯ ಖಾಲಿ ಹಾಳೆಯ ಮೇಲೆ ಹೊಸದಾಗಿ ಬರೆಯುವುದೇನೂ ಕಷ್ಟವಲ್ಲ. ಆ ಬರಹ, ಬೈಬಲ್ಲಿಗೆ ಸೇರದ ಪ್ರಾಚೀನ ಗ್ರಂಥವಾದ ತೋಮನ ಸುವಾರ್ತೆಯ, ಅಂತರ್ಜಾಲದಲ್ಲಿದ್ದ ಪಾಠವೊಂದರಿಂದ ಪದಗಳನ್ನು ಆಯ್ದು ಜೋಡಿಸಿದಂತಿತ್ತು, ಅಲ್ಲಿದ್ದ ಅಚ್ಚಿನ ತಪ್ಪೂ ಇಲ್ಲಿ ಹಾಗೆಯೇ ಬಂದಿತ್ತು. ಅದೇ ಮಾಲೀಕನ ಬಳಿಯಿದ್ದ, ಅದೇ ಕೈಬರಹದ ಯೋಹಾನನ ಸುವಾರ್ತೆಯ ತುಣುಕಿನಲ್ಲಿ ಸಾಲುಗಳು ಮುರಿಯುವ ಜಾಗಗಳು 1924ರಲ್ಲಿ ಮುದ್ರಣವಾದ ಒಂದು ಕೋಪ್ಟಿಕ್ ಪ್ರತಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಅನುಸರಿಸಿದ್ದನ್ನು ಕ್ರಿಶ್ಚಿಯನ್ ಅಸ್ಕೆಲಂಡ್ 2014ರಲ್ಲಿ ತೋರಿಸಿದರು. 2016ರಲ್ಲಿ ಪತ್ರಕರ್ತರೊಬ್ಬರು ಮಾಲೀಕನ ಹಿನ್ನೆಲೆಯನ್ನು ಬಿಚ್ಚಿಟ್ಟ ಮೇಲೆ, ಇದು ನಕಲಿ ಎನ್ನುವ ಕಡೆಗೇ ಸಾಕ್ಷ್ಯ ವಾಲುತ್ತದೆ ಎಂದು ಕಿಂಗ್ ಒಪ್ಪಿಕೊಂಡರು.

ಮಕ್ಕಳಿಗೆ ಇದನ್ನು ಪತ್ತೇದಾರಿ ಕಥೆಯಂತೆ ಹೇಳಿ. ನಕಲನ್ನು ಹಿಡಿದದ್ದು ಪ್ರತಿಭಟನೆಯ ಮೆರವಣಿಗೆಯಲ್ಲ, ಕೋಪ್ಟಿಕ್ ಅಕ್ಷರಗಳನ್ನು ಒಂದೊಂದಾಗಿ ಓದಿದವರ ತಾಳ್ಮೆ.

ಸಂಶಯಿ:

ನಾನು ಸಭೆಯಲ್ಲಿ ಬೆಳೆದವನು, ಈಗ ಹೋಗುತ್ತಿಲ್ಲ. ಜಗಳಕ್ಕಾಗಿ ಬರೆಯುತ್ತಿಲ್ಲ. ಆದರೆ ನೀವು ಬಿದ್ದುಹೋದ ವಾದಗಳನ್ನೇ ಹೆಕ್ಕಿ ಗೆಲ್ಲುತ್ತಿದ್ದೀರಿ. ಅಬ್ರಹಾಮನ ಒಂಟೆಗಳ ಬಗ್ಗೆ, ಲೂಕನ ಜನಗಣತಿಯ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಮೇಲಾಗಿ ರೋಚಕ ಸುದ್ದಿ ಬೈಬಲ್ಲಿನ ಪರವಾಗಿದ್ದರೆ ನಿಮ್ಮಲ್ಲಿ ಯಾರಿಗೂ ಈ ತಾಳ್ಮೆ ಇರುವುದಿಲ್ಲ. "ಯೇಸುವಿನ ತಮ್ಮನ ಮೂಳೆಪೆಟ್ಟಿಗೆ ಸಿಕ್ಕಿತು" ಎಂದು ನಮ್ಮ ಸಭೆಯ ವೇದಿಕೆಯಿಂದಲೇ ಸಾರಿದ್ದನ್ನು ನಾನು ಕೇಳಿದ್ದೇನೆ. ಅದು ವಿವಾದಕ್ಕೆ ಬಿದ್ದಾಗ ಅದೇ ವೇದಿಕೆಯಿಂದ ಒಂದು ಮಾತೂ ಬರಲಿಲ್ಲ.

ಬೆರೋಯದ ಓದುಗ:

ಸಂಶಯಿ ಅವರೇ, ಈ ಆಕ್ಷೇಪಣೆಯನ್ನು ತಳ್ಳಿಹಾಕಲು ನನ್ನಿಂದಾಗದು. ಚರ್ಚೆ ಆರಂಭಿಸಿದಾಗ ನಾನು ಬರೆಯಬೇಕಾಗಿದ್ದ ಅರ್ಧ ಭಾಗವನ್ನು ನೀವು ಬರೆದಿದ್ದೀರಿ.

"ಯೇಸುವಿನ ಸಹೋದರನೂ ಯೋಸೇಫನ ಮಗನೂ ಆದ ಯಾಕೋಬ" ಎಂಬ ಬರಹವಿರುವ ಆ ಪೆಟ್ಟಿಗೆ 2002ರ ಅಕ್ಟೋಬರ್‌ನಲ್ಲಿ ಸುದ್ದಿಯಾಯಿತು. ಅದು ಉತ್ಖನನದಲ್ಲಿ ಸಿಕ್ಕದ್ದಲ್ಲ, ಸಂಗ್ರಾಹಕರೊಬ್ಬರ ಬಳಿಯಿದ್ದದ್ದು. ಎಲ್ಲಿಂದ ಬಂತೆಂದು ತಿಳಿಯದ ವಸ್ತುವಿನ ಮೇಲೆ ಅಷ್ಟು ಭಾರ ಹೊರಿಸಿದ್ದೇ ಮೊದಲ ತಪ್ಪು. 2003ರಲ್ಲಿ ಇಸ್ರೇಲಿನ ಪುರಾತತ್ವ ಪ್ರಾಧಿಕಾರದ ಸಮಿತಿ ಬರಹವನ್ನು ನಕಲಿ ಎಂದಿತು. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ 2012ರ ಮಾರ್ಚ್‌ನಲ್ಲಿ ಸಂಗ್ರಾಹಕರು ನಕಲು ಮಾಡಿದ ಆರೋಪದಿಂದ ಮುಕ್ತರಾದರು. ಆಗ ನಮ್ಮವರು ಮತ್ತೆ "ಅಸಲಿ ಎಂದು ನ್ಯಾಯಾಲಯವೇ ಹೇಳಿತು" ಎಂದು ಹಂಚಿದರು. ನ್ಯಾಯಾಧೀಶರು ಹಾಗೆ ಹೇಳಿರಲಿಲ್ಲ. ಆರೋಪ ಸಂಶಯಾತೀತವಾಗಿ ಸಾಬೀತಾಗಲಿಲ್ಲ, ಅದರಿಂದ ಬರಹ ಅಸಲಿಯೆಂದಾಗುವುದಿಲ್ಲ ಎಂದಿದ್ದರು.

ಇನ್ನೂ ಇವೆ. ಮಾರ್ಕನ ಸುವಾರ್ತೆಯ 1ನೇ ಶತಮಾನದ ತುಣುಕು ಸಿಕ್ಕಿದೆ ಎಂದು 2012ರಲ್ಲಿ ಸಾರ್ವಜನಿಕ ವಾದವೊಂದರಲ್ಲಿ ನಮ್ಮ ಕಡೆಯ ವಿದ್ವಾಂಸರೇ ಘೋಷಿಸಿದರು. 2018ರಲ್ಲಿ ಅದು ಪ್ರಕಟವಾದಾಗ ಅದರ ಕಾಲ 2ನೇ ಶತಮಾನದ ಕೊನೆ ಅಥವಾ 3ನೇ ಶತಮಾನದ ಆರಂಭವೆಂದು ನಿಗದಿಯಾಗಿತ್ತು. ಅಷ್ಟಾದರೂ ಅದು ಅಮೂಲ್ಯವಾದ ಪ್ರತಿಯೇ, ಆದರೆ ಉತ್ಪ್ರೇಕ್ಷೆಯ ನಂತರ ಬಂದದ್ದರಿಂದ ಸೋಲಿನಂತೆ ಕಂಡಿತು. ವಾಷಿಂಗ್ಟನ್ನಿನಲ್ಲಿ 2017ರಲ್ಲಿ ತೆರೆದ ಬೈಬಲ್ ವಸ್ತುಸಂಗ್ರಹಾಲಯದ ಬಳಿಯಿದ್ದ ಮೃತ ಸಮುದ್ರ ಸುರುಳಿಯ (ಬೈಬಲ್ಲಿನ ಅತಿ ಹಳೆಯ ಪ್ರತಿಗಳೂ ಸೇರಿರುವ ಹಸ್ತಪ್ರತಿಗಳ) 16 ತುಣುಕುಗಳೂ ನಕಲಿ ಎಂದು 2020ರಲ್ಲಿ ತೀರ್ಮಾನವಾಯಿತು. ಆ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಪ್ರಕಟಿಸಿದ್ದು ಆ ಸಂಗ್ರಹಾಲಯವೇ ಎಂಬುದನ್ನು ಅವರ ಗೌರವಕ್ಕೆ ಹೇಳಬೇಕು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಬಹುಶಃ ಹೀಗೆ ತಾವಾಗಿಯೇ ಒಪ್ಪಿಕೊಂಡರೆ ಸ್ವಲ್ಪವಾದರೂ ಬರುತ್ತದೆ.

ತೂಕದ ಕಲ್ಲು ಎರಡು ಬಗೆಯದಾಗಿರಬಾರದು ಎಂಬುದು ನಮ್ಮ ಶಾಸ್ತ್ರದ ಆಜ್ಞೆಯೇ.

ಶಾಸನಪ್ರಿಯ:

ಸಂಶಯಿ ಅವರ ಒಂಟೆಗಳಿಗೆ ಬರುತ್ತೇನೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ಎರೆಜ್ ಬೆನ್-ಯೋಸೆಫ್ ಮತ್ತು ಲಿದಾರ್ ಸಪೀರ್-ಹೆನ್ ಅವರ ಅಧ್ಯಯನ 2014ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಬಂತು. ಅರಾಬಾ ಕಣಿವೆಯ ತಾಮ್ರದ ಕುಲುಮೆಗಳ ನೆಲೆಗಳಲ್ಲಿ ಸಾಕಿದ ಒಂಟೆಗಳ ಮೂಳೆಗಳು ಹೇರಳವಾಗಿ ಕಾಣಿಸಿಕೊಳ್ಳುವುದು ಕ್ರಿ.ಪೂ. 10ನೇ ಶತಮಾನದ ಕೊನೆಯ ಭಾಗದಿಂದ, ಅಂದರೆ ಅಬ್ರಹಾಮನ ಕಾಲಕ್ಕೆ ಶತಮಾನಗಳ ನಂತರ, ಎಂಬುದು ಅದರ ತಿರುಳು. ಇದು ಗಂಭೀರವಾದ ಕೆಲಸ, ನಕಲಿ ಪಪೈರಸ್ಸಿನ ಸಾಲಿಗೆ ಸೇರಿಸುವಂತಿಲ್ಲ. ಅದು ನೇರವಾಗಿ ತೋರಿಸುವುದು ಆ ಕಣಿವೆಯಲ್ಲಿ ಒಂಟೆ ಸಾಗಣೆ ಯಾವಾಗ ದೊಡ್ಡದಾಯಿತು ಎಂಬುದನ್ನು. ಮೆಸೊಪೊಟೇಮಿಯದಿಂದ ಬಂದ ಸಿರಿವಂತನೊಬ್ಬನ ಬಳಿ ಕೆಲವು ಒಂಟೆಗಳು ಇದ್ದಿರಲಾರವು ಎಂಬುದನ್ನು ಅಷ್ಟೇ ಖಚಿತವಾಗಿ ಅದು ತೋರಿಸದು. ಆದರೂ ಆದಿಕಾಂಡ 24ರಲ್ಲಿ ಅಬ್ರಹಾಮನ ಸೇವಕನು ಹತ್ತು ಒಂಟೆಗಳನ್ನು ಕರೆದೊಯ್ಯುವುದು ತೀರಾ ಸಹಜ ಸಂಗತಿಯೆಂಬಂತೆ ಬರುತ್ತದೆ. ಹಳೆಯ ವೃತ್ತಾಂತವನ್ನು ನಂತರದ ಲಿಪಿಕಾರನು ತನ್ನ ಓದುಗರಿಗೆ ಪರಿಚಿತವಾದ ಪ್ರಾಣಿಯ ಮೂಲಕ ಹೇಳಿದನೆಂದು ಒಪ್ಪುವ ವಿಶ್ವಾಸಿ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನನಗೆ ಮೊದಲನೆಯವರಲ್ಲಿ ತಪ್ಪು ಕಾಣುವುದಿಲ್ಲ.

ಸುದ್ದಿಯವರ ನಿಜವಾದ ಎಡವಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ 2017ರದು. ಲೆಬನಾನಿನ ಸಿಡೋನ್ ಪಟ್ಟಣದಲ್ಲಿ, ನಮ್ಮ ಬೈಬಲ್ಲಿನ ಚೀದೋನಿನಲ್ಲಿ, ಸುಮಾರು 3,700 ವರ್ಷ ಹಿಂದೆ ಹೂಳಲಾಗಿದ್ದ ಐವರ ಡಿಎನ್‌ಎ ಪರೀಕ್ಷಿಸಿದ ತಳಿವಿಜ್ಞಾನಿಗಳು, ಇಂದಿನ ಲೆಬನಾನಿನವರ ಪೂರ್ವಜಾಂಶದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಆ ಕಾನಾನ್ಯರಿಂದ, ಅಂದರೆ ಇಸ್ರಾಯೇಲ್ಯರು ಯುದ್ಧ ಮಾಡಿದರೆಂದು ಬೈಬಲ್ ಹೇಳುವ ಜನರಿಂದ, ಬಂದದ್ದೆಂದು ಕಂಡುಕೊಂಡರು. "ಕಾನಾನ್ಯರು ನಿರ್ನಾಮವಾದರೆಂಬ ಬೈಬಲ್ ಮಾತು ಸುಳ್ಳಾಯಿತು" ಎಂದು ತಲೆಬರಹಗಳು ಬಂದವು. ನ್ಯಾಯಸ್ಥಾಪಕರು 1:31 ತೆರೆದು ನೋಡಿ. ಇಸ್ರಾಯೇಲಿನ ಒಂದು ಕುಲವಾದ ಆಶೇರ್ಯರು ಹೊರಡಿಸಿಬಿಡಲಿಲ್ಲ ಎಂದು ಹೇಳುವ ಜನರಲ್ಲಿ ಚೀದೋನಿನವರ ಹೆಸರೇ ಇದೆ! ಮತ್ತಾಯ 15ರಲ್ಲಿ ತನ್ನ ಮಗಳಿಗಾಗಿ ಯೇಸುವನ್ನು ಬೇಡುವ ಕಾನಾನ್ಯ ಸ್ತ್ರೀ ಸಿಗುವುದೂ ತೂರ್ ಚೀದೋನ್ ಸೀಮೆಯಲ್ಲಿಯೇ. ಕೆಲವು ಪತ್ರಿಕೆಗಳು ನಂತರ ತಿದ್ದುಪಡಿ ಹಾಕಿದವು.

ಸಂಶಯಿ:

ಆದರೆ ಯೆಹೋಶುವ 10:40ರಲ್ಲಿ ಉಸಿರಿರುವ ಒಬ್ಬರನ್ನೂ ಉಳಿಸಲಿಲ್ಲ ಎಂಬ ಅರ್ಥದ ಮಾತಿದೆಯಲ್ಲ? ವರದಿಗಾರರು ಅದನ್ನು ತಾವಾಗಿ ಕಟ್ಟಿಕೊಂಡಿರಲಿಲ್ಲ.

ಶಾಸನಪ್ರಿಯ:

ಇದೆ, ಒಪ್ಪುತ್ತೇನೆ. ಅದೇ ಪುಸ್ತಕದ 13ನೇ ಅಧ್ಯಾಯ, ಸ್ವಾಧೀನವಾಗದ ದೇಶ ಇನ್ನೂ ಬಹಳ ಉಳಿದಿದೆ ಎನ್ನುತ್ತದೆ. ಅಂದಿನ ಸುತ್ತಲಿನ ರಾಜರೂ ತಮ್ಮ ಗೆಲುವುಗಳನ್ನು ಸಂಪೂರ್ಣ ನಾಶದ ಭಾಷೆಯಲ್ಲಿ ಕೆತ್ತಿಸುತ್ತಿದ್ದರು. ಐಗುಪ್ತದ ಅರಸ ಮೆರ್ನೆಪ್ತಾ ಸುಮಾರು ಕ್ರಿ.ಪೂ. 1208ರ ಶಾಸನದಲ್ಲಿ ಇಸ್ರಾಯೇಲಿನ ಸಂತಾನವೇ ಇಲ್ಲವಾಯಿತು ಎಂದು ಬರೆಸಿದ್ದಾನೆ. ಯೆಹೋಶುವನ ಪುಸ್ತಕವನ್ನೂ ಆ ರೂಢಿಯಲ್ಲಿ ಓದಬೇಕೆ ಎಂಬುದು ನಿಜವಾದ ಪ್ರಶ್ನೆ. ಆ ಯುದ್ಧಗಳು ಎಬ್ಬಿಸುವ ನೈತಿಕ ಪ್ರಶ್ನೆ ಇನ್ನೂ ಕಠಿಣವಾದುದು, ಅದನ್ನು ಇಲ್ಲಿ ಒಂದು ಸಾಲಿನಲ್ಲಿ ಮುಗಿಸಲಾರೆ. ನನ್ನ ದೂರು ಇಷ್ಟೇ: ಈ ಎರಡು ಬಗೆಯ ವಾಕ್ಯಗಳು ಅಕ್ಕಪಕ್ಕದಲ್ಲಿರುವುದನ್ನು ತಿಳಿಯಲು ಡಿಎನ್‌ಎ ಬೇಕಾಗಿರಲಿಲ್ಲ, ಪುಟ ತಿರುವಿದ್ದರೆ ಸಾಕಿತ್ತು.

ಬೆರೋಯದ ಓದುಗ:

ಜನಗಣತಿಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಲೂಕ 2:2 ಯೇಸುವಿನ ಜನನದ ಕಾಲದ ಖಾನೇಷುಮಾರಿಯನ್ನು ಸಿರಿಯದ ಅಧಿಪತಿ ಕುರೇನ್ಯನೊಡನೆ ಸೇರಿಸುತ್ತದೆ. ಇತಿಹಾಸಕಾರ ಜೋಸೆಫಸ್ ಬರೆದಂತೆ ಕುರೇನ್ಯನ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಅರಸ ಹೆರೋದನ ಕಾಲದಲ್ಲಿ, ಹೆರೋದನು ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಮತ. ನಡುವೆ ಸುಮಾರು ಹತ್ತು ವರ್ಷಗಳ ಅಂತರ. ಲೂಕನ ಗ್ರೀಕ್ ವಾಕ್ಯವನ್ನು "ಕುರೇನ್ಯನ ಗಣತಿಗೆ ಮುಂಚಿನ ಗಣತಿ" ಎಂದು ಓದಬಹುದು ಎನ್ನುವವರಿದ್ದಾರೆ, ಕುರೇನ್ಯನಿಗೆ ಹಿಂದೆಯೂ ಅಲ್ಲಿ ಅಧಿಕಾರವಿತ್ತು ಎನ್ನುವವರಿದ್ದಾರೆ. ಎರಡರಲ್ಲಿ ಯಾವುದೂ ನನಗೆ ಪೂರ್ಣ ತೃಪ್ತಿ ಕೊಟ್ಟಿಲ್ಲ, ಕೊಟ್ಟಂತೆ ನಟಿಸಲೂ ಇಷ್ಟವಿಲ್ಲ. ಇದು ತಲೆಬರಹವಾಗದ ಪ್ರಶ್ನೆ ಎಂಬುದನ್ನು ಗಮನಿಸಿ: ಶತಮಾನಗಳಿಂದ ವ್ಯಾಖ್ಯಾನಕಾರರು ಬಹಿರಂಗವಾಗಿ ಚರ್ಚಿಸುತ್ತಿರುವುದರಿಂದ ಇದರಲ್ಲಿ "ಬಯಲು" ಮಾಡುವಂಥದ್ದು ಏನೂ ಉಳಿದಿಲ್ಲ.

ನನ್ನ ವಿಶ್ವಾಸ ಈ ಅಂತರ ತುಂಬಿದ ದಿನ ಗಟ್ಟಿಯಾಗಲು ಕಾದು ಕುಳಿತಿಲ್ಲ. ಪೌಲನು 50ರ ದಶಕದಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ, ಪುನರುತ್ಥಾನವಾದ ಕ್ರಿಸ್ತನನ್ನು ಕಂಡವರ ಪಟ್ಟಿಯನ್ನು ತಾನು ಇತರರಿಂದ ಹೊಂದಿದ್ದೇನೆಂದು ಹೇಳಿ, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಅಂದರೆ ಬೇಕಾದವರು ವಿಚಾರಿಸಿಕೊಳ್ಳಬಹುದಾಗಿತ್ತು. ಕ್ರಿಸ್ತನು ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಅದೇ ಅಧ್ಯಾಯ ಒಪ್ಪಿಕೊಳ್ಳುತ್ತದೆ. ಪರೀಕ್ಷೆಗೆ ಹೀಗೆ ತಾನಾಗಿಯೇ ಒಡ್ಡಿಕೊಳ್ಳುವ ವಿಶ್ವಾಸ ಪ್ರಶ್ನೆ ಬಂದಾಗ ವಾಹಿನಿಯ ಮೇಲೆ ಕೂಗಾಡುವುದು ನನಗೆ ಸರಿ ಕಾಣುವುದಿಲ್ಲ.

ಸಂಶಯಿ:

ಪೌಲನ ಪಟ್ಟಿಯ ಬಗ್ಗೆ ನನಗೆ ಬೇರೆ ಪ್ರಶ್ನೆಗಳಿವೆ, ಅವು ಇನ್ನೊಂದು ದಿನಕ್ಕಿರಲಿ. ಕುರೇನ್ಯನ ಬಗ್ಗೆ "ತೃಪ್ತಿಯಾಗಿಲ್ಲ" ಎಂದು ಸಭೆಯವರೊಬ್ಬರು ಹೇಳಿದ್ದನ್ನು ನಾನು ಕೇಳುತ್ತಿರುವುದು ಇದೇ ಮೊದಲು.

ಭಾನುವಾರ ಶಾಲೆಯ ಅಧ್ಯಾಪಕಿ:

ಕಳೆದ ಭಾನುವಾರ ತಲ್ಪಿಯೋಟ್ ವಿಷಯವನ್ನೇ ತೆಗೆದುಕೊಂಡೆ. ಉತ್ತರವನ್ನು ನಾನು ಹೇಳಲಿಲ್ಲ. ಹೊಸ ಒಡಂಬಡಿಕೆಯಲ್ಲಿ ಎಷ್ಟು ಮಂದಿ ಸೀಮೋನರಿದ್ದಾರೆ, ಹುಡುಕಿ ಎಂದೆ. ಪೇತ್ರನಾದ ಸೀಮೋನ, ಹನ್ನೆರಡು ಮಂದಿಯಲ್ಲಿದ್ದ ಇನ್ನೊಬ್ಬ ಸೀಮೋನ, ಯೇಸುವಿನ ಸಹೋದರ, ಯೂದನ ತಂದೆ, ಯೇಸುವನ್ನು ಊಟಕ್ಕೆ ಕರೆದ ಫರಿಸಾಯ, ಬೇಥಾನ್ಯದ ಕುಷ್ಠರೋಗಿ, ಶಿಲುಬೆ ಹೊತ್ತ ಕುರೇನೆ ಎಂಬ ಊರಿನವನು, ಸಮಾರ್ಯದ ಮಂತ್ರವಾದಿ, ಯೊಪ್ಪದಲ್ಲಿ ತೊಗಲು ಹದಮಾಡುತ್ತಿದ್ದವನು: ಒಂಬತ್ತು ಮಂದಿಯನ್ನು ಅವರೇ ಪಟ್ಟಿ ಮಾಡಿದರು. ಯಾರೂ ಹೇಳಿಕೊಡದೆ ಒಬ್ಬ ಹುಡುಗಿ, "ಹಾಗಾದರೆ ಸಮಾಧಿಯ ಮರಿಯ ಯಾವ ಮರಿಯ ಎಂದು ಅವರಿಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದಳು. ಮುಂದಿನ ವಾರ ಮರಿಯರ ಸರದಿ. ಎಣಿಸಿ ನೋಡಿದೆ, ಒಮ್ಮೆ ಆರು ಬರುತ್ತದೆ, ಒಮ್ಮೆ ಏಳು. ಯಾಕೋಬ ಮತ್ತು ಯೋಸೆ ಎಂಬವರ ತಾಯಿಯೂ ಕ್ಲೋಪನ ಹೆಂಡತಿಯೂ ಒಬ್ಬಳೇ?

ಶಾಸನಪ್ರಿಯ:

ಮಾರ್ಕ 15:40 ಮತ್ತು ಯೋಹಾನ 19:25 ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿಸಿ, ಅಕ್ಕಾ. ಒಬ್ಬಳೇ ಎನ್ನುವವರು ಹಿಂದಿನಿಂದಲೂ ಇದ್ದಾರೆ, ಆದರೆ ವಾಕ್ಯ ಹಾಗೆಂದು ಹೇಳುವುದಿಲ್ಲ. ಮಕ್ಕಳು ಆರು ಎಂದು ಬರೆದು, ಏಳನೆಯದರ ಮುಂದೆ ಪ್ರಶ್ನೆ ಚಿಹ್ನೆ ಹಾಕಲಿ.